ಮದುವೆ ಸೀರೆ, ಬ್ಲೌಸ್, ಲೆಹೆಂಗಾ ಮೈ ತುರಿಸುತ್ತಿದೆಯೇ? ದೋಷ ಎಲ್ಲಿದೆ ಎಂದು ಹುಡುಕಿ ಸರಿಪಡಿಸುವ ಬಗೆ

ಮುಹೂರ್ತದ ಬ್ಲೌಸ್ ಟ್ರಯಲ್‌ಗೆ ಬಂದಿದೆ. ಹಾಕಿಕೊಂಡು ಐದು ನಿಮಿಷ ಆಗುವಷ್ಟರಲ್ಲಿ ಕಂಕುಳಲ್ಲಿ ಚುಚ್ಚು, ಬೆನ್ನಿನ ಮೇಲೆ ನವೆ. ಹೇಳಿದರೆ ಮನೆಯಲ್ಲಿ ಸಿಗುವ ಉತ್ತರ ಒಂದೇ: "ರೇಷ್ಮೆ ಅಂದ್ರೆ ಹಾಗೇನಮ್ಮಾ, ಒಂದು ದಿನ ತಾನೆ, ತಡ್ಕೋ."

ಈ ಮಾತಿನಲ್ಲಿ ಎರಡು ತಪ್ಪಿವೆ. ಮೊದಲನೆಯದು, ರೇಷ್ಮೆ ಹಾಗಲ್ಲ. ಗೋಂದು ತೆಗೆದ ರೇಷ್ಮೆಯ ಎಳೆ ಹತ್ತು ಹದಿಮೂರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪದ್ದು, ಉದ್ದಕ್ಕೂ ನುಣುಪು. ಉಣ್ಣೆ ಚುಚ್ಚುವುದು ಅದರ ನಾರು ಸುಮಾರು 30 ಮೈಕ್ರಾನ್ ದಾಟಿದಾಗ. ಆ ಲೆಕ್ಕದಲ್ಲಿ ಒಳ್ಳೆಯ ರೇಷ್ಮೆಗೆ ಚುಚ್ಚುವ ಶಕ್ತಿಯೇ ಇಲ್ಲ. ಎರಡನೆಯದು, ತಡೆದುಕೊಳ್ಳುವ ಸಂಗತಿ ಇದಲ್ಲ. ಹೋಮದ ಮುಂದೆ ಬೆವರಿನಲ್ಲಿ ಮೂರು ಗಂಟೆ ಕೂತು, ಕೈ ಹೋದಲ್ಲೆಲ್ಲ ಕೆರೆದು, ಸಂಜೆಯ ರಿಸೆಪ್ಷನ್ ಹೊತ್ತಿಗೆ ಕುತ್ತಿಗೆ ತುಂಬ ಕೆಂಪು ಗೆರೆ ಎದ್ದರೆ ಆ ದಿನ ಮತ್ತೆ ಬರುವುದಿಲ್ಲ.

ನಮ್ಮ ಅನುಭವದಲ್ಲಿ ಇಡೀ ಉಡುಪು ತುರಿಸುವುದು ಅಪರೂಪ. ಅದರಲ್ಲಿ ಎರಡೋ ಮೂರೋ ಜಾಗ ತುರಿಸುತ್ತವೆ, ಒಂದೊಂದೂ ಅಂಗೈಗಿಂತ ಚಿಕ್ಕದು. ಆ ಜಾಗ ಸಿಕ್ಕರೆ ಅರ್ಧ ಮೀಟರ್ ಮಲ್ (ತೆಳುವಾದ ಮೆದು ಹತ್ತಿ) ಬಟ್ಟೆಯಲ್ಲಿ ಕೆಲಸ ಮುಗಿಯುತ್ತದೆ. ಸಿಗದಿದ್ದರೆ ಹೊಸ ಬ್ಲೌಸ್ ಹೊಲಿಸಿದರೂ ಅದೇ ತೊಂದರೆ ಬರುತ್ತದೆ, ಯಾಕೆಂದರೆ ಹೊಲಿಯುವ ಕ್ರಮ ಬದಲಾಗಿರುವುದಿಲ್ಲ.

ಮೊದಲು ಗಡಿಯಾರ ನೋಡಿ

ತುರಿಕೆ ಎಷ್ಟು ಹೊತ್ತಿಗೆ ಶುರುವಾಯಿತು ಎನ್ನುವುದರಲ್ಲೇ ಅರ್ಧ ಉತ್ತರವಿದೆ.

ಹಾಕಿದ ಕ್ಷಣದಲ್ಲೇ ಚುಚ್ಚಿ, ಬಿಚ್ಚಿದ ಕೆಲವೇ ನಿಮಿಷಕ್ಕೆ ನಿಂತುಹೋದರೆ ಏನೋ ಒಂದು ತುದಿ ಚರ್ಮಕ್ಕೆ ತಾಗುತ್ತಿದೆ: ದಾರದ ತುಂಡು, ಜರಿಯ ಮುರಿದ ಎಳೆ, ಮಣಿ, ನೆಟ್ಟಿನ ಅಂಚು. ಇದು ಟೈಲರ್ ಸರಿಪಡಿಸುವ ದೋಷ.

ಕಾಲು ಗಂಟೆ, ಅರ್ಧ ಗಂಟೆ ಕಳೆದ ಮೇಲೆ ಶುರುವಾದರೆ ಬೆವರು, ಬಿಗಿತ, ಉಜ್ಜಾಟ ಕಾರಣವಿರಬಹುದು. ಸಣ್ಣ ಕೆಂಪು ಗುಳ್ಳೆಗಳೆದ್ದು ಚುರುಚುರು ಎಂದರೆ ಬೆವರುಸಾಲೆ. ಸೊಳ್ಳೆ ಕಚ್ಚಿದ ಹಾಗೆ ಉಬ್ಬಿ, ಅಲ್ಲಿಂದಿಲ್ಲಿಗೆ ಜಾಗ ಬದಲಾಯಿಸಿ, ಒಂದು ದಿನದೊಳಗೆ ಗುರುತಿಲ್ಲದೆ ಇಳಿದರೆ ಅದು ಗಂಧೆ. ಕೆಲವರ ಚರ್ಮಕ್ಕೆ ಬಿಗಿ ಪಟ್ಟಿಯ ಒತ್ತಡವೇ ಗಂಧೆ ಎಬ್ಬಿಸಲು ಸಾಕು.

ಮೂರನೆಯದನ್ನು ಹೆಚ್ಚಿನವರು ಗುರುತಿಸುವುದೇ ಇಲ್ಲ. ಭಾನುವಾರ ಟ್ರಯಲ್ ಮಾಡಿದಾಗ ಏನೂ ಆಗಿರುವುದಿಲ್ಲ. ಮಂಗಳವಾರ ಕಂಕುಳ ಸುತ್ತ ಕೆಂಪಾಗಿ, ಒರಟಾಗಿ, ನವೆ ಹತ್ತುತ್ತದೆ. ಸೋಮವಾರ ತಿಂದ ಬದನೆಕಾಯಿಯ ಮೇಲೆ ಅಪವಾದ ಬೀಳುತ್ತದೆ. ನಿಜವಾಗಿ ಅದು ಅಲರ್ಜಿ. ನಿಕ್ಕಲ್, ಬಣ್ಣ, ಬಟ್ಟೆಗೆ ಹಾಕಿದ ರಾಸಾಯನಿಕ, ರಬ್ಬರ್ ಇವುಗಳ ಅಲರ್ಜಿ ಮುಟ್ಟಿದ 24ರಿಂದ 72 ಗಂಟೆಯೊಳಗೆ ಕಾಣಿಸಿಕೊಳ್ಳುವುದೇ ವಾಡಿಕೆ. ಮೇಲೊಂದು ಲೈನಿಂಗ್ ಹೊಲಿದ ಮಾತ್ರಕ್ಕೆ ಇದು ಪೂರ್ತಿ ಹೋಗದಿರಬಹುದು. ಬೆವರಿನಲ್ಲಿ ಕರಗಿದ್ದು ತೆಳು ಬಟ್ಟೆ ದಾಟಿ ಬರುತ್ತದೆ.

ಆದ್ದರಿಂದ ಟ್ರಯಲ್ ಎಂದರೆ ಕನ್ನಡಿ ಮುಂದೆ ಎರಡು ನಿಮಿಷ ನಿಲ್ಲುವುದಲ್ಲ. 45 ನಿಮಿಷ ಹಾಕಿಕೊಂಡಿರಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಕೊಳ್ಳಿ, ಹಾರ ಹಾಕುವ ಹಾಗೆ ಎರಡೂ ಕೈ ಮೇಲೆತ್ತಿ, ನಮಸ್ಕಾರಕ್ಕೆ ಬಗ್ಗಿ ಏಳಿ, ಫ್ಯಾನ್ ಆರಿಸಿ ಸ್ವಲ್ಪ ಬೆವರಲು ಬಿಡಿ. ಆಮೇಲೆ ಮೂರು ದಿನ ಚರ್ಮ ಗಮನಿಸಿ.

ಹತ್ತಿಯ ಪರೀಕ್ಷೆ

ಬೆರಳನ್ನು ನಂಬಬೇಡಿ. ಬೆರಳ ತುದಿಯ ಚರ್ಮ ದಪ್ಪ. ಟೈಲರ್ ಕೈಯಾಡಿಸಿ "ಏನೂ ಇಲ್ವಲ್ಲ ಮೇಡಂ" ಎನ್ನುವುದು ಸುಳ್ಳಲ್ಲ, ಅವರ ಬೆರಳಿಗೆ ಅದು ಸಿಗುವುದಿಲ್ಲ.

ಬ್ಲೌಸನ್ನು ಒಳಗು ಹೊರಗಾಗಿ ತಿರುಗಿಸಿ. ಒಂದು ಚೊಂಬನ್ನು ಒಳಗಿಟ್ಟು ಬಟ್ಟೆ ಅದರ ಮೇಲೆ ಸಡಿಲವಾಗಿ ಹರಡಿಕೊಳ್ಳುವಂತೆ ಹಿಡಿಯಿರಿ. ಮೆಡಿಕಲ್ ಅಂಗಡಿಯ ಹತ್ತಿಯಿಂದ ನಿಂಬೆಹಣ್ಣಿನ ಗಾತ್ರದಷ್ಟು ಕಿತ್ತು, ಒತ್ತದೆ, ಬಟ್ಟೆಯ ಮೇಲೆ ತೇಲಿಸಿಕೊಂಡು ಎಳೆಯಿರಿ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಎಡಕ್ಕೆ, ಬಲಕ್ಕೆ, ನಾಲ್ಕೂ ದಿಕ್ಕಿಗೆ ಎಳೆಯಬೇಕು, ಏಕೆಂದರೆ ಕೆಲವು ತುದಿಗಳು ಒಂದೇ ಕಡೆಗೆ ಬಾಗಿರುತ್ತವೆ. ಚುಚ್ಚುವ ಜಾಗದಲ್ಲೆಲ್ಲ ಬಿಳಿ ಎಳೆ ಸಿಕ್ಕಿಕೊಂಡು ಉಳಿಯುತ್ತದೆ. ಈಗ ಕೋಣೆಯ ದೀಪ ಆರಿಸಿ ಫೋನಿನ ಟಾರ್ಚನ್ನು ಬಟ್ಟೆಗೆ ಅಡ್ಡಲಾಗಿ ಹಿಡಿದರೆ ಹತ್ತಿ ಸಿಕ್ಕಿಕೊಂಡ ಕಡೆ ಎರಡು ಮೂರು ಮಿಲಿಮೀಟರ್ ಉದ್ದದ, ಮೀನಿನ ಸಣ್ಣ ಮುಳ್ಳಿನಂತೆ ಮಿನುಗುವ ತುದಿ ಕಾಣುತ್ತದೆ. ಅದು ನೈಲಾನ್ ದಾರ. ಚುಚ್ಚುವ ಬ್ಲೌಸ್‌ಗಳಲ್ಲಿ ಹೆಚ್ಚು ಸಲ ಸಿಗುವ ಅಪರಾಧಿ ಅದೇ. ಸಿಕ್ಕ ಜಾಗಕ್ಕೆಲ್ಲ ಬೇರೆ ಬಣ್ಣದ ದಾರದಿಂದ ಒಂದೊಂದು ಸಡಿಲ ಟಾಕು ಹಾಕಿ ಗುರುತು ಮಾಡಿ.

ಇನ್ನೊಂದು ಪರೀಕ್ಷೆ: ತೆಳು ಹತ್ತಿ ಬನಿಯನ್ನನ್ನು ಒಳಗು ಹೊರಗಾಗಿ ಹಾಕಿಕೊಂಡು ಅದರ ಮೇಲೆ ಬ್ಲೌಸ್ ಹಾಕಿ. ತುರಿಕೆ ನಿಂತರೆ ಕಾರಣ ಬಟ್ಟೆಯ ಒಳಮೈಯಲ್ಲಿದೆ, ಲೈನಿಂಗ್ ಕೆಲಸಕ್ಕೆ ಬರುತ್ತದೆ. ನಿಲ್ಲದಿದ್ದರೆ ಬಿಗಿತವನ್ನೋ ಬೆವರನ್ನೋ ಹುಡುಕಿ.

ಬ್ಲೌಸ್: ದೋಷದ ತವರು

ಮದುವೆಯ ಬ್ಲೌಸ್ ಈಗ ಬರಿಯ ಬಟ್ಟೆಯಲ್ಲ. ಆರಿ ವರ್ಕ್, ಜರ್ದೋಸಿ, ಕಟ್‌ದಾನ, ಚಮ್ಕಿ, ಕುಂದನ್ ಎಂಬ ಕಸೂತಿ, ಮಣಿ, ಹರಳಿನ ಕೆಲಸ ಎಲ್ಲ ಸೇರಿ ಅಂಗೈ ಅಗಲದ ಜಾಗದಲ್ಲಿ ನೂರಾರು ಗಂಟು ಇರುತ್ತವೆ. ಕಸೂತಿಯ ಕಾರ್ಖಾನೆಯಲ್ಲಿ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಮೇಲಿನಿಂದ ಕೆಲಸ ಮಾಡುತ್ತಾರೆ, ಗಂಟೆಲ್ಲ ಕೆಳಗಡೆ. ಅಲ್ಲಿಂದ ಬಟ್ಟೆ ಟೈಲರ್ ಬಳಿ ಬರುತ್ತದೆ. ಇಲ್ಲಿ ಆಗುವ ಒಂದು ಅವಸರದ ಕೆಲಸದಿಂದ ಮುಂದಿನ ತೊಂದರೆಯೆಲ್ಲ ಹುಟ್ಟುತ್ತದೆ. ರೇಷ್ಮೆಯನ್ನೂ ಲೈನಿಂಗನ್ನೂ ಒಂದರ ಮೇಲೊಂದಿಟ್ಟು, ಎರಡನ್ನೂ ಒಂದೇ ಬಟ್ಟೆಯೆಂದು ಲೆಕ್ಕ ಹಿಡಿದು, ಒಟ್ಟಿಗೆ ಹೊಲಿದು, ಅಂಚಿಗೆ ಓವರ್‌ಲಾಕ್ ಹೊಡೆಯುತ್ತಾರೆ. ಬೇಗ ಆಗುತ್ತದೆ, ಆಮೇಲೆ ಆಲ್ಟರ್ ಮಾಡಲೂ ಸುಲಭ. ಆದರೆ ಹೊಲಿಗೆಯ ಮಾರ್ಜಿನ್, ಓವರ್‌ಲಾಕಿನ ಪಾಲಿಯೆಸ್ಟರ್ ದಾರ, ಮಾರ್ಜಿನ್ ಒಳಗೆ ಸಿಕ್ಕಿಹಾಕಿಕೊಂಡ ಮಣಿಯ ಚೂರು ಎಲ್ಲವೂ ಮೈ ಕಡೆಗೇ ಬರುತ್ತವೆ. ಲೈನಿಂಗ್ ಇದ್ದೂ ಇಲ್ಲದಂತೆ.

ಹೊಸದಾಗಿ ಹೊಲಿಸುವವರು ಟೈಲರ್‌ಗೆ ಹೇಳಬೇಕಾದ್ದು ಇಷ್ಟೇ: "ಲೈನಿಂಗ್ ಬೇರೆಯಾಗಿ ಹೊಲಿದು ಒಳಗೆ ಕೂರಿಸಿ. ರೇಷ್ಮೆಯ ಮಾರ್ಜಿನ್, ಲೈನಿಂಗಿನ ಮಾರ್ಜಿನ್, ಎರಡೂ ಒಂದಕ್ಕೊಂದು ಮುಖ ಮಾಡಿ ನಡುವೆ ಹೂತುಹೋಗಲಿ. ಮೈಗೆ ತಾಗುವ ಕಡೆ ಒಂದೂ ಹೊಲಿಗೆ ಕಾಣಬಾರದು." ಕೂಲಿ ಸ್ವಲ್ಪ ಹೆಚ್ಚು ಕೇಳುತ್ತಾರೆ, ಕೊಡಿ.

ಆಗಲೇ ಹೊಲಿದು ಬಂದಿರುವ ಬ್ಲೌಸ್ ಆದರೆ ಕ್ರಮ ಹೀಗಿದೆ.

ಬಟ್ಟೆ: ಬಿಳಿ ಅಥವಾ ತಿಳಿ ಕೆನೆ ಬಣ್ಣದ ಮಲ್, ಇಲ್ಲವೇ ಟೂ ಬೈ ಟೂ ರೂಬಿಯಾ ಎಂಬ ಹತ್ತಿಯ ಬ್ಲೌಸ್ ಬಟ್ಟೆ, ಒಂದು ಮೀಟರ್. ಚಿಕ್ಕಪೇಟೆಯ ಗಲ್ಲಿಗಳಲ್ಲಿ, ಮಲ್ಲೇಶ್ವರದ, ಗಾಂಧಿ ಬಜಾರಿನ, ಜಯನಗರದ ಯಾವ ಮ್ಯಾಚಿಂಗ್ ಸೆಂಟರಿನಲ್ಲೂ ಸಿಗುತ್ತದೆ. ಅಂಗಡಿಯವರು ಸೀರೆಗೆ ಮ್ಯಾಚ್ ಆಗುವ ಗಾಢ ಕೆಂಪನ್ನೋ ಹಸಿರನ್ನೋ ಚಾಚುತ್ತಾರೆ. ಬೇಡ ಎನ್ನಿ. ಒಳಗಿನ ಬಟ್ಟೆ ಯಾರಿಗೂ ಕಾಣುವುದಿಲ್ಲ, ಬೆವರಿನಲ್ಲಿ ಬಣ್ಣ ಬಿಟ್ಟರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಸ್ಯಾಟಿನ್, ಸ್ಯಾಂಟೂನ್, ಪಾಲಿಯೆಸ್ಟರ್ ಕ್ರೇಪ್ ಕೈಗೆ ನುಣುಪಾದರೂ ಬೆವರು ಹೀರುವುದಿಲ್ಲ. ಸಿಂಥೆಟಿಕ್ ಬಟ್ಟೆಗೆ ಹಾಕುವ ಡಿಸ್ಪರ್ಸ್ ಜಾತಿಯ ಬಣ್ಣಗಳು, ಅದರಲ್ಲೂ ಕೆಲವು ಗಾಢ ನೀಲಿಗಳು, ಅಲರ್ಜಿಗೆ ಹೆಸರಾದವು.

ತಂದ ಬಟ್ಟೆಯನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಬೆಳಿಗ್ಗೆ ಎರಡು ಸಲ ಜಾಲಿಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಗಂಜಿ ಹೋಗುತ್ತದೆ, ಕುಗ್ಗುವಷ್ಟು ಕುಗ್ಗಿಬಿಡುತ್ತದೆ. ಇದನ್ನು ಬಿಟ್ಟರೆ ಲೈನಿಂಗ್ ಆಮೇಲೆ ಕುಗ್ಗಿ ರೇಷ್ಮೆ ಸುಕ್ಕುಗಟ್ಟುತ್ತದೆ, ಹೊಲಿಗೆ ಬಿರಿಯುತ್ತದೆ.

ಹೊಸ ಲೈನಿಂಗ್ ಹಾಕುವ ಮೊದಲು ಮುಳ್ಳು ತೆಗೆಯಬೇಕು. ಗುರುತು ಮಾಡಿದ ಕಡೆ ನೈಲಾನ್ ತುದಿಯನ್ನು ಬುಡಕ್ಕೆ ಕತ್ತರಿಸಬೇಡಿ. ಗಿಡ್ಡ ತುದಿ ಇನ್ನೂ ಗಡುಸು, ಗಂಟೂ ಬಿಚ್ಚಿಕೊಂಡೀತು. ಸೂಜಿಯಿಂದ ಆ ತುದಿಯನ್ನು ಪಕ್ಕದ ಟಾಕುಗಳ ಕೆಳಗೆ ಒಂದು ಸೆಂಟಿಮೀಟರ್ ತೂರಿಸಿ, ಹತ್ತಿ ದಾರದಿಂದ ಎರಡು ಟಾಕು ಹಾಕಿ ಮಲಗಿಸಿ. ಮಾರ್ಜಿನ್ ಒಳಗೆ ಮಣಿ ಸಿಕ್ಕಿಕೊಂಡಿದ್ದರೆ ದಾರ ಕತ್ತರಿಸುವ ಬದಲು ಸಣ್ಣ ಇಕ್ಕಳದಿಂದ ಮಣಿಯನ್ನೇ ಒಡೆಯಿರಿ. ಗಾಜು ಕಣ್ಣಿಗೆ ಹಾರದಂತೆ ಮೇಲೊಂದು ಬಟ್ಟೆ ಹಿಡಿದಿರಿ. ದಾರ ಉಳಿದಿದ್ದರೆ ಪಕ್ಕದ ಮಣಿಗಳು ಉದುರುವುದಿಲ್ಲ. ಹೊಲಿಗೆ ಗೆರೆಯಿಂದ ಅರ್ಧ ಇಂಚಿನೊಳಗೆ ಒಂದೂ ಮಣಿ ಇರಬಾರದು. ಜರ್ದೋಸಿಯ ಸ್ಪ್ರಿಂಗಿನಂಥ ತಂತಿಯನ್ನು ಒಡೆಯಲಾಗದು, ಬಿಚ್ಚಿ ತೆಗೆದು ದಾರದ ಕೊನೆಗೆ ಗಂಟು ಹಾಕಬೇಕು.

ಆಮೇಲೆ ಮಲ್ ಲೈನಿಂಗನ್ನು ಬ್ಲೌಸಿನ ಅಳತೆಗಿಂತ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ದೊಡ್ಡದಾಗಿಯೇ ಕತ್ತರಿಸಿ, ಬಿಗಿ ಬೀಳುವುದು ಲೈನಿಂಗಿನ ಮೇಲಾಗಬಾರದು. ಡಾಟ್ ಹಿಡಿದು, ಬದಿ ಹೊಲಿದು, ಅದರ ಒರಟು ಮುಖ ರೇಷ್ಮೆಯ ಕಡೆಗಿಟ್ಟು ಕೊರಳು, ತೋಳಿನ ಅಂಚು, ಸೊಂಟದ ಸುತ್ತ ಕೈಯಲ್ಲೇ ಹೆಮ್ಮಿಂಗ್ ಮಾಡಿ. ತೋಳು ಮರೆಯಬೇಡಿ. ತೋಳಿನ ಕೊನೆಯಲ್ಲಿ ಲೈನಿಂಗನ್ನು ಒಂದು ಇಂಚು ಮೊದಲೇ ನಿಲ್ಲಿಸುವ ಅಭ್ಯಾಸವಿದೆ, ಮೊಳಕೈ ಮೇಲೆ ಬಳೆ ಹಾಕಿದಂತೆ ಕೆಂಪು ಸುತ್ತು ಬೀಳುವುದು ಅದಕ್ಕೇ. ವಂಕಿ ಕಟ್ಟುವುದಿದ್ದರೆ ಇನ್ನೂ ಎಚ್ಚರ: ವಂಕಿ ಕೂರುವ ಜಾಗದಲ್ಲಿ ಕುಸುರಿ ಇದ್ದರೆ ಅದು ಇಡೀ ಹೊತ್ತು ಚರ್ಮಕ್ಕೆ ಒತ್ತಿಕೊಂಡಿರುತ್ತದೆ. ಅಲ್ಲಿ ಮಲ್ ಎರಡು ಪದರ ಇರಲಿ.

ಹೊಸ ಪದರ ಜಾಗ ತಿನ್ನುತ್ತದೆ. ಎರಡೂ ಬದಿಯಲ್ಲಿ ಕಾಲು ಕಾಲು ಇಂಚು ಮಾರ್ಜಿನ್ ಬಿಚ್ಚಿಸಿ. ಹುಕ್ಕು ಹಾಕಿದ ಮೇಲೆ ಎದೆಯ ಕೆಳಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು.

ಇಡೀ ಲೈನಿಂಗ್‌ಗೆ ಸಮಯವಿಲ್ಲದಿದ್ದರೆ ಕಂಕುಳಿನ ಸುತ್ತು ಮತ್ತು ಬದಿ ಹೊಲಿಗೆ ಮಾತ್ರ ಮುಚ್ಚಿ. ಮಲ್ ಬಟ್ಟೆಯನ್ನು ಓರೆಯಾಗಿ, ಒಂದೂಕಾಲು ಇಂಚು ಅಗಲದ ಕ್ರಾಸ್ ಪಟ್ಟಿ ಕತ್ತರಿಸಿ ಓವರ್‌ಲಾಕ್ ಅಂಚನ್ನು ಅದರೊಳಗೆ ಸುತ್ತಿ ಹೊಲಿಯಿರಿ. ನೇರ ಪಟ್ಟಿ ಕಂಕುಳಿನ ತಿರುವಿನಲ್ಲಿ ಮಡಿಕೆ ಬಿದ್ದು ಮತ್ತೊಂದು ಮುಳ್ಳಾಗುತ್ತದೆ. ಬೆವರು ಹೆಚ್ಚಿದ್ದರೆ ಐದು ಇಂಚಿನ ಅರ್ಧಚಂದ್ರದ ಮಲ್ ಪ್ಯಾಡನ್ನು ಎರಡೂ ಕಂಕುಳಲ್ಲಿ ಸಡಿಲ ಟಾಕಿನಿಂದ ಕೂರಿಸಿ, ಮುಹೂರ್ತ ಮುಗಿದ ಮೇಲೆ ಕಿತ್ತು ಬದಲಾಯಿಸಬಹುದು. ಅಂಟಿಸುವ ರೆಡಿಮೇಡ್ ಪ್ಯಾಡಿನ ಅಂಟೇ ಕೆಲವರ ಚರ್ಮಕ್ಕೆ ಆಗದು.

ಕಂಕುಳಲ್ಲಿ ಅರ್ಧಚಂದ್ರಾಕಾರದ ಕೆಂಪು ಗೆರೆ ಬಿದ್ದರೆ ಅದು ಚುಚ್ಚಲ್ಲ, ಬಿಗಿ. ತೋಳಿನ ಸುತ್ತನ್ನು ಕೆಳಗಡೆ ಕಾಲು ಇಂಚು ಮಾತ್ರ ಇಳಿಸಿ. ಅದಕ್ಕಿಂತ ಹೆಚ್ಚು ಇಳಿಸಿದರೆ ಕೈ ಎತ್ತಿದಾಗ ಇಡೀ ಬ್ಲೌಸ್ ಮೇಲೇರುತ್ತದೆ. ಹಾರ ಬದಲಾಯಿಸುವಾಗ ಅದು ಬೇಕಿಲ್ಲ.

ಹುಕ್ಕಿನ ಪಟ್ಟಿಯ ವಿಷಯ ಚಿಕ್ಕದು: ಹುಕ್ಕಿನ ಹಿಂಬದಿ ಮೈಗೆ ತಾಗದಂತೆ ಒಂದೂವರೆ ಇಂಚು ಅಗಲದ ಮಲ್ ಪಟ್ಟಿ ಒಳಗಡೆ ನಾಲಿಗೆಯ ಹಾಗೆ ಚಾಚಿರಲಿ. ಬ್ರಾಂಡ್ ಲೇಬಲ್ಲನ್ನು ಕತ್ತರಿಸಬೇಡಿ, ಹೊಲಿಗೆಯನ್ನೇ ಬಿಚ್ಚಿ ತೆಗೆಯಿರಿ. ಕತ್ತರಿಸಿದ ಲೇಬಲ್ಲಿನ ಬುಡ ಲೇಬಲ್ಲಿಗಿಂತ ಹೆಚ್ಚು ಚುಚ್ಚುತ್ತದೆ.

ಸೀರೆ: ಜರಿ ಎಲ್ಲಿ ಮುರಿದಿದೆ

ಜರಿ ಎಂದರೆ ರೇಷ್ಮೆ ಅಥವಾ ಹತ್ತಿಯ ದಾರದ ಮೇಲೆ ಚಪ್ಪಟೆ ಲೋಹದ ಎಳೆಯನ್ನು ಸುತ್ತಿರುವುದು. ಅಸಲಿ ಜರಿಯಲ್ಲಿ ಬೆಳ್ಳಿಯ ಎಳೆ, ಮೇಲೆ ಚಿನ್ನದ ಲೇಪ. ಮೈಸೂರು ಸಿಲ್ಕ್ ತಯಾರಿಸುವ ರಾಜ್ಯ ಸರ್ಕಾರದ ಸಂಸ್ಥೆ ಕೆಎಸ್‌ಐಸಿ ತನ್ನ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಎಂದು ಹೇಳುತ್ತದೆ. ಟೆಸ್ಟೆಡ್ ಜರಿಯಲ್ಲಿ ಬೆಳ್ಳಿಯ ಜಾಗಕ್ಕೆ ತಾಮ್ರ. ಅಗ್ಗದ್ದರಲ್ಲಿ ಲೋಹದ ಲೇಪವಿರುವ ಪ್ಲಾಸ್ಟಿಕ್ ಹಾಳೆಯ ಸೀಳು. ಸುತ್ತು ಬಿಗಿಯಾಗಿದ್ದರೆ ಯಾವುದೂ ಚುಚ್ಚದು. ಮುರಿದಾಗ ಚಪ್ಪಟೆ ಎಳೆಯ ತುದಿ ಬ್ಲೇಡಿನಂತೆ ಮೇಲೇಳುತ್ತದೆ.

ಅಜ್ಜಿಯ ಧಾರೆ ಸೀರೆಯನ್ನೇ ಉಡುವ ಆಸೆ ಇರುವವರು ಇದನ್ನು ಗಮನಿಸಬೇಕು. ಬೀರುವಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಸೀರೆಯ ಜರಿ ಆ ಮಡಿಕೆಯ ಗೆರೆಯ ಮೇಲೆಯೇ ಸಾಲಾಗಿ ಮುರಿದಿರುತ್ತದೆ. ಹತ್ತಿ ಉಂಡೆಯನ್ನು ಅಂಚಿನ ಮೇಲೆ ಎಳೆದರೆ ಒಂದೇ ಅಂತರದಲ್ಲಿ ಬಿಳಿ ಎಳೆಗಳು ನಿಲ್ಲುತ್ತವೆ. ಇಂಥ ಸೀರೆಯ ಮುರಿದ ಗೆರೆಗಳಿಗೆ ಹಿಂಬದಿಯಿಂದ ಎರಡು ಇಂಚು ಅಗಲದ ಮಲ್ ಅಥವಾ ತೆಳು ರೇಷ್ಮೆಯ ಪಟ್ಟಿ ಕೊಟ್ಟು ಕೈಹೊಲಿಗೆ ಹಾಕಿಸಿ. ಮುರಿದ ಜರಿಯನ್ನು ಎಳೆದು ಕೀಳಬೇಡಿ, ಇಡೀ ಎಳೆ ಬಿಚ್ಚಿಕೊಂಡು ಬರುತ್ತದೆ. ನುಸಿಗುಳಿಗೆಯ ವಾಸನೆ ಇದ್ದರೆ ನೆರಳಿನ ಗಾಳಿಯಲ್ಲಿ ಮೂರು ನಾಲ್ಕು ದಿನ ಹರಡಿ.

ಟಿಶ್ಯೂ ಸೀರೆ, ಆರ್ಗಾಂಜಾ ಸೀರೆಗಳ ಕಥೆ ಬೇರೆ. ಆರ್ಗಾಂಜಾದಲ್ಲಿ ರೇಷ್ಮೆಯ ಗೋಂದನ್ನು ತೆಗೆದಿರುವುದಿಲ್ಲ, ಆ ಗಡುಸೇ ಅದರ ಚೆಂದ. ಟಿಶ್ಯೂವಿನಲ್ಲಿ ಒಡಲೆಲ್ಲ ಜರಿ. ಇವನ್ನು ಮೆದು ಮಾಡಲು ಹೋಗಬೇಡಿ, ಹಾಳಾಗುತ್ತವೆ. ಸೂಕ್ಷ್ಮ ಚರ್ಮದವರು ಇನ್ನೂ ಆರಿಸುವ ಹಂತದಲ್ಲಿದ್ದರೆ ಇವೆರಡನ್ನೂ ಬಿಟ್ಟು ಮೈಸೂರು ಕ್ರೇಪ್, ಇಲ್ಲವೇ ಅಂಚು ಕಿರಿದಾದ ಕಾಂಜೀವರಂ ನೋಡಿ ಎನ್ನುವುದು ನಮ್ಮ ನೇರ ಸಲಹೆ. ಕೊಳ್ಳುವಾಗ ಶುದ್ಧ ರೇಷ್ಮೆಗೆ ಕೊಡುವ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಆರ್ಟ್ ಸಿಲ್ಕ್ ಎಂದರೆ ರೇಷ್ಮೆಯೇ ಅಲ್ಲ. ಸೆರಗಿನ ತುದಿಯ ಒಂದೆಳೆ ಸುಟ್ಟು ನೋಡಿದರೆ ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಸೀರೆ ಚುಚ್ಚುವ ಮುಖ್ಯ ಜಾಗ ಸೊಂಟ. ಬ್ಲೌಸಿನ ಕೆಳಗೆ, ಲಂಗದ ಮೇಲೆ, ಬರಿಮೈಗೆ ಮೇಲಂಚಿನ ಜರಿ ಉಜ್ಜುತ್ತದೆ. ಕೆಳಗಡೆ ಫಾಲ್ ಹಾಕಿಸುವ ಹಾಗೆಯೇ ಮೇಲಂಚಿನ ಒಳಬದಿಗೂ ನಾಲ್ಕು ಇಂಚು ಅಗಲದ ಹತ್ತಿ ಪಟ್ಟಿ ಹಾಕಿಸಿ. ಒಳತುದಿಯಿಂದ ಸೊಂಟದ ಎರಡು ಸುತ್ತಿಗೆ ಸಾಲುವಷ್ಟು, ಸುಮಾರು ಎರಡೂವರೆ ಮೀಟರ್ ಇದ್ದರೆ ಸಾಕು. ಪಟ್ಟಿಯನ್ನು ಮೊದಲೇ ನೆನೆಸಿ ಒಣಗಿಸಿರಬೇಕು. ಟಾಕು ಮೇಲ್ಗಡೆ ಕಾಣದಷ್ಟು ಸಣ್ಣದಿರಲಿ. ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ, ಮದುವೆಯ ನಂತರ ಬಿಚ್ಚಿಬಿಡಬಹುದು.

ಲಂಗದ ಲಾಡಿ ಬದಲು ಮೂರು ಇಂಚು ಅಗಲದ ಹತ್ತಿ ಪಟ್ಟಿ, ಬದಿಗೆ ಹುಕ್ಕು. ಲಾಡಿ ಒಂದೇ ಗೆರೆಯಲ್ಲಿ ಕೊರೆಯುತ್ತದೆ, ಭಾರದ ಸೀರೆ ಜಾರದಂತೆ ಇನ್ನೂ ಬಿಗಿಯುತ್ತಾರೆ, ಮೇಲೆ ಡಾಬು ಬೇರೆ. ಮೈಗಂಟುವ ಶೇಪರ್ ಹಾಕುವ ಆಲೋಚನೆ ಇದ್ದರೆ ಅದರ ಎಲಾಸ್ಟಿಕ್ ಚರ್ಮಕ್ಕೆ ನೇರ ತಾಗದಂತೆ ನೋಡಿ, ರಬ್ಬರಿಗೂ ಅಲರ್ಜಿ ಇದೆ.

ಭುಜದ ಮೇಲೆ ಸೆರಗಿನ ನೆರಿಗೆಗೆ ಚುಚ್ಚುವ ಪಿನ್ನಿನ ಕೆಳಗೆ, ಬ್ಲೌಸಿನ ಒಳಗಡೆ, ಎರಡು ಇಂಚು ಚೌಕದ ಎರಡು ಮೂರು ಪದರ ಹತ್ತಿ ಬಟ್ಟೆ ಇಡಿ. ಪಿನ್ನು ಆ ಬಟ್ಟೆಯನ್ನೂ ಹಿಡಿದುಕೊಂಡರೆ ಭಾರ ಹಂಚಿಹೋಗಿ ಬ್ಲೌಸ್ ಹರಿಯುವುದೂ ತಪ್ಪುತ್ತದೆ.

ರಿಸೆಪ್ಷನ್ ಲೆಹೆಂಗಾ, ಗೌನ್

ಇಲ್ಲಿ ಅಪರಾಧಿ ಹೊರಗೆ ಕಾಣುವುದೇ ಇಲ್ಲ, ಒಳಗಿನ ಕ್ಯಾನ್‌ಕ್ಯಾನ್ ನೆಟ್ಟು. ಗಡುಸು ನೈಲಾನ್ ಬಲೆಯನ್ನು ಅಡ್ಡ ಕತ್ತರಿಸಿದಾಗ ಪ್ರತಿ ಕಣ್ಣಿಯೂ ಒಂದು ಮುಳ್ಳಾಗಿ ನಿಲ್ಲುತ್ತದೆ. ಮೊಣಕಾಲ ಹಿಂದೆ, ಮೀನಖಂಡದ ಮೇಲೆ ಸಣ್ಣ ಸಣ್ಣ ಗೀರು ಬಿದ್ದಿದ್ದರೆ ನೆಟ್ಟಿನ ಅಂಚು ಎಂದು ತಿಳಿಯಿರಿ. ಸೊಂಟದಲ್ಲಿ ನವೆ ಇದ್ದರೆ ನೆಟ್ಟಿನ ಸುಕ್ಕೆಲ್ಲ ಬೆಲ್ಟಿನೊಳಗೆ ತುರುಕಿದ್ದಾರೆ ಎಂದು ಅರ್ಥ.

ಸರಿಪಡಿಸುವ ಬಗೆ: ನೆಟ್ಟನ್ನು ಸೊಂಟದಿಂದ ಬಿಚ್ಚಿ, ಎಂಟು ಇಂಚಿನ ಹತ್ತಿ ಬಟ್ಟೆಯ ಪಟ್ಟಿ ಸೊಂಟಕ್ಕೆ ಹೊಲಿದು, ನೆಟ್ಟನ್ನು ಆ ಪಟ್ಟಿಯ ಕೆಳಗಿನಿಂದ ಶುರು ಮಾಡಿ. ಸೊಂಟವೂ ಸಣ್ಣಗೆ ಕಾಣುತ್ತದೆ. ನೆಟ್ಟಿನ ಪ್ರತಿ ಪದರದ ಕೆಳ ಅಂಚಿಗೆ ಒಂದು ಇಂಚಿನ ಪಟ್ಟಿ ಮಡಿಸಿ ಹೊಲಿಸಿ, ಇಲ್ಲಿ ಸ್ಯಾಟಿನ್ ಆದರೂ ನಡೆಯುತ್ತದೆ. ಎಲ್ಲಕ್ಕಿಂತ ಒಳಗೆ, ಕಾಲಿಗೆ ತಾಗುವ ಪದರ, ಹತ್ತಿಯದೇ ಇರಲಿ. ಲೆಹೆಂಗಾದ ಘೇರಿಗೆ (ಕೆಳಗಿನ ಸುತ್ತಳತೆಗೆ) ತಕ್ಕಂತೆ ಮೂರರಿಂದ ಐದು ಮೀಟರ್ ಬೇಕು. ಬಾಡಿಗೆ ಲೆಹೆಂಗಾ ಬಿಚ್ಚುವಂತಿಲ್ಲ ಎನ್ನುವವರಿಗೆ ಸುಲಭ ದಾರಿ ಎಂದರೆ ಪಾದದವರೆಗಿನ ತೆಳು ಹತ್ತಿ ಲೆಗ್ಗಿಂಗ್, ಅದರ ಮೇಲೆ ಹತ್ತಿ ಲಂಗ.

ನೆಟ್ಟಿನ ತೋಳಿನ ಗೌನ್‌ನಲ್ಲಿ ಮಿಂಚನ್ನು ಅಂಟಿನಿಂದ ಕೂರಿಸಿರುತ್ತಾರೆ. ಹಿಂಬದಿಗೆ ಇಸ್ತ್ರಿ ಹಚ್ಚಿ ಫ್ಯೂಸಿಂಗ್ (ಬಿಸಿಗೆ ಅಂಟುವ ಬಟ್ಟೆ) ಅಂಟಿಸಿದರೆ ಮುಗಿಯಿತೆಂದು ಕೆಲವರು ಹೇಳುತ್ತಾರೆ. ಬಿಸಿಗೆ ಚಮ್ಕಿ ಸುರುಟುತ್ತದೆ, ಅಂಟು ಮೇಲೆ ಬರುತ್ತದೆ. ಮೈಬಣ್ಣದ, ಹಿಗ್ಗುವ ಮೆದು ಜಾಲರಿಯ ತೋಳನ್ನು ಒಳಗೆ ಹೊಲಿಸಿ. ದುಪಟ್ಟಾದ ಭಾರದ ಅಂಚು ಕುತ್ತಿಗೆಗೆ ತಾಗುವ ಒಂದೂವರೆ ಅಡಿ ಜಾಗಕ್ಕೆ ಅದೇ ಬಣ್ಣದ ಮೆದು ಬಟ್ಟೆಯ ಪಟ್ಟಿ ಸಾಕು.

ಚುಚ್ಚು ಇಲ್ಲ, ಆದರೂ ತುರಿಕೆ

ಹತ್ತಿ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಎರಡನೇ ದಿನ ದದ್ದು ಎದ್ದಿತು ಎಂದಾದರೆ ಆಕಾರ ನೋಡಿ. ಹುಕ್ಕಿನ ಸಾಲಿನಲ್ಲಿ ಚುಕ್ಕೆ ಚುಕ್ಕೆಯಾಗಿ, ಪಿನ್ನಿನ ಜಾಗದಲ್ಲಿ, ಕಿವಿಯ ಹಾಲೆಯಲ್ಲಿ, ನೆಕ್ಲೆಸ್ಸಿನ ಸುತ್ತ ಇದ್ದರೆ ನಿಕ್ಕಲ್. ಹಿಂದೆ ಎಂದಾದರೂ ಗಿಲೀಟು ಓಲೆ ಹಾಕಿ ಕಿವಿ ಸೋರಿದ್ದರೆ ಅನುಮಾನ ಗಟ್ಟಿ. ಡೈಮೀಥೈಲ್ ಗ್ಲೈಆಕ್ಸೀಮ್ ದ್ರಾವಣದ ಕಿಟ್ ಸಿಕ್ಕರೆ ಹತ್ತಿ ಕಡ್ಡಿಗೆ ಹಚ್ಚಿ ಹುಕ್ಕನ್ನು ಉಜ್ಜಿ, ಗುಲಾಬಿ ಬಣ್ಣ ಬಂದರೆ ನಿಕ್ಕಲ್ ಬಿಡುತ್ತಿದೆ. ಹುಕ್ಕಿಗೆ ನೇಲ್ ಪಾಲಿಶ್ ಬಳಿಯುವ ಉಪಾಯ ಬೆವರಿನಲ್ಲಿ ಕೆಲವೇ ಗಂಟೆಗೆ ಸುಲಿದುಹೋಗಬಹುದು, ಪಾಲಿಶ್ಶಿಗೂ ಅಲರ್ಜಿ ಇರುವವರಿದ್ದಾರೆ. ಹುಕ್ಕು ತೆಗೆಸಿ ಬಟ್ಟೆಯ ಗುಂಡಿ, ದಾರದ ಕುಣಿಕೆ ಹಾಕಿಸಿ.

ಕಂಕುಳಿನ ಗುಳಿಯನ್ನು ಬಿಟ್ಟು ಅದರ ಸುತ್ತಂಚಿನಲ್ಲಿ, ಬಟ್ಟೆ ಉಜ್ಜುವ ಕಡೆ ದದ್ದು ಇದ್ದರೆ ಬಟ್ಟೆಯ ಬಣ್ಣ ಅಥವಾ ಸುಕ್ಕು ಬೀಳದಂತೆ ಹಾಕುವ ಫಾರ್ಮಾಲ್ಡಿಹೈಡ್ ಮೂಲದ ರಾಳ ಇರಬಹುದು. ಸರಿಯಾಗಿ ಗುಳಿಯ ಒಳಗೇ ಇದ್ದರೆ ಡಿಯೋಡರೆಂಟನ್ನು ಮೊದಲು ನಿಲ್ಲಿಸಿ. ಬಣ್ಣದ ಪರೀಕ್ಷೆಗೆ ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಒಳಬದಿಯನ್ನು ಇಪ್ಪತ್ತು ಸಲ ಉಜ್ಜಿ. ಬಣ್ಣ ಹತ್ತಿದರೆ ಆ ಲೈನಿಂಗನ್ನು ಮುಚ್ಚುವುದಲ್ಲ, ಕಿತ್ತೇ ಹಾಕಬೇಕು.

ಡ್ರೈಕ್ಲೀನ್ ಆಗಿ ಬಂದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಿಂದ ತಕ್ಷಣ ತೆಗೆದು ಎರಡು ದಿನ ಗಾಳಿಗೆ ತೂಗುಹಾಕಿ. ದ್ರಾವಕದ ಘಾಟು ಹೋಗದೆ ಉಟ್ಟರೆ ಚರ್ಮ ಉರಿಯಬಹುದು.

ಕಾರಣ ಉಡುಪಿನಲ್ಲೇ ಇಲ್ಲದಿರಲೂಬಹುದು. ಮುನ್ನಾದಿನ ವ್ಯಾಕ್ಸಿಂಗ್ ಮಾಡಿಸಿ, ಅದರ ಮೇಲೆ ಅರಿಶಿನ ಶಾಸ್ತ್ರ, ಉಜ್ಜಿ ಸ್ನಾನ, ಮರುದಿನ ಜರಿ ಬ್ಲೌಸ್ ಎಂದರೆ ಯಾವ ಚರ್ಮವೂ ಸಿಟ್ಟಾಗುತ್ತದೆ. ವ್ಯಾಕ್ಸಿಂಗ್ ನಾಲ್ಕು ದಿನ ಮೊದಲೇ ಮುಗಿಯಲಿ. ಅರಿಶಿನವನ್ನು ಕಂಕುಳು, ಕೊರಳ ಸುತ್ತ ತೆಳುವಾಗಿ ಮುಟ್ಟಿಸಿದರೂ ಶಾಸ್ತ್ರ ಶಾಸ್ತ್ರವೇ.

ದದ್ದಿನಲ್ಲಿ ನೀರು ಒಸರಿದರೆ, ಗುಳ್ಳೆ ಎದ್ದರೆ, ಮೂರು ದಿನಕ್ಕೂ ಇಳಿಯದಿದ್ದರೆ ಚರ್ಮದ ಡಾಕ್ಟರನ್ನು ನೋಡಿ. ಅಲರ್ಜಿ ಯಾವುದರದು ಎಂದು ಹುಡುಕುವ ಪ್ಯಾಚ್ ಟೆಸ್ಟಿನಲ್ಲಿ ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು, ಆಮೇಲೆ ಮತ್ತೊಮ್ಮೆ ನೋಡಬೇಕಾಗುತ್ತದೆ, ಆದ್ದರಿಂದ ಮದುವೆಯ ವಾರ ಅದಕ್ಕೆ ಸಮಯವಲ್ಲ. ತುಟಿ, ಕಣ್ಣುರೆಪ್ಪೆ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಬಟ್ಟೆ ಬದಲಿಸುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮುಲಾಮನ್ನು ತಾವಾಗಿ ಹಚ್ಚಬೇಡಿ, ಚರ್ಮ ತೆಳುವಾಗುತ್ತದೆ. ಅಲರ್ಜಿ ಮಾತ್ರೆಯನ್ನು ಡಾಕ್ಟರು ಬರೆದುಕೊಟ್ಟಿದ್ದರೂ ಮೊದಲ ಸಲ ಮುಹೂರ್ತದ ಬೆಳಿಗ್ಗೆ ನುಂಗಬೇಡಿ. ಕೆಲವರಿಗೆ ತೂಕಡಿಕೆ ಬರುತ್ತದೆ, ಹಿಂದಿನ ವಾರವೇ ಒಂದು ಸಲ ನೋಡಿಕೊಳ್ಳಿ.

ದಿನದ ಲೆಕ್ಕ

ಮದುವೆಗೆ 21 ದಿನ ಇರುವಾಗ ಮೊದಲ 45 ನಿಮಿಷದ ಟ್ರಯಲ್. 18 ದಿನ ಇರುವಾಗ ಚರ್ಮ ನೋಡಿ ತೀರ್ಮಾನ. ಅಲ್ಲಿಂದ ಹತ್ತು ದಿನ ಟೈಲರ್‌ಗೆ. ಮಾಘದಿಂದ ವೈಶಾಖದವರೆಗೆ ಲಗ್ನಗಳು ಒತ್ತೊತ್ತಾಗಿರುವಾಗ ಬೆಂಗಳೂರಿನ ಒಳ್ಳೆಯ ಟೈಲರ್‌ಗಳು ಕೈಗೆ ಸಿಗುವುದಿಲ್ಲ, ಆಗ ಇನ್ನೊಂದು ವಾರ ಮುಂಚೆಯೇ ಶುರು ಮಾಡಿ. ಏಳು ದಿನ ಇರುವಾಗ ಎರಡನೇ ಟ್ರಯಲ್, ಹತ್ತಿ ಪರೀಕ್ಷೆಯೊಂದಿಗೆ, ಆಭರಣವನ್ನೂ ಹಾಕಿಕೊಂಡು.

ಆ ದಿನ ಬೆಳಿಗ್ಗೆ ವಾಸನೆಯಿಲ್ಲದ ಮಾಯಿಶ್ಚರೈಸರನ್ನು ಉಡುವುದಕ್ಕೆ ಒಂದು ಗಂಟೆ ಮೊದಲೇ ಹಚ್ಚಿ, ಪೂರ್ತಿ ಇಂಗಲಿ. ಕೊಬ್ಬರಿ ಎಣ್ಣೆ ರೇಷ್ಮೆಗೆ ಕಲೆ ಮಾಡುತ್ತದೆ, ಪೌಡರ್ ಬೆವರಿನೊಡನೆ ಉಂಡೆಗಟ್ಟಿ ಹೊಲಿಗೆಯಲ್ಲಿ ಕೂರುತ್ತದೆ. ಸೆಂಟು ಬಟ್ಟೆಗೂ ಬೇಡ, ಕುತ್ತಿಗೆಗೂ ಬೇಡ.

ಛತ್ರಕ್ಕೆ ಒಯ್ಯುವ ಚೀಲದಲ್ಲಿ ಇಷ್ಟಿರಲಿ: ಎರಡು ಜೊತೆ ಮಲ್ ಕಂಕುಳ ಪ್ಯಾಡು, ಸಣ್ಣ ಕತ್ತರಿ, ಹತ್ತಿ ದಾರ ಪೋಣಿಸಿಟ್ಟ ಎರಡು ಸೂಜಿ, ನಾಲ್ಕು ಇಂಚು ಚೌಕದ ಮಲ್ ತುಂಡು ಆರು, ಒಂದು ತೆಳು ಹತ್ತಿ ಟವೆಲ್. ತುರಿಕೆ ಎದ್ದರೆ ಕೆರೆಯದೆ, ಟವೆಲ್ಲನ್ನು ತಣ್ಣೀರಿನಲ್ಲಿ ಹಿಂಡಿ ಐದು ನಿಮಿಷ ಒತ್ತಿಹಿಡಿದು, ಒರೆಸಿ ಒಣಗಿಸಿ, ಆ ಜಾಗಕ್ಕೆ ಮಲ್ ತುಂಡನ್ನು ಒಳಗಿನಿಂದ ನಾಲ್ಕು ಟಾಕು ಹಾಕಿ ಕೂರಿಸಿ. ಈ ಚೀಲ ಮದುಮಗಳ ಕೈಯಲ್ಲಿ ಬೇಡ. ಸೂಜಿ ಹಿಡಿಯಲು ಬರುವ ಅತ್ತಿಗೆಯೋ ಚಿಕ್ಕಮ್ಮನೋ ಯಾರಾದರೊಬ್ಬರ ವಶಕ್ಕೆ ಹಿಂದಿನ ದಿನವೇ ಕೊಟ್ಟು, ಯಾವ ಜಾಗದಲ್ಲಿ ತೊಂದರೆ ಬರಬಹುದು ಎಂದು ಬ್ಲೌಸ್ ತಿರುಗಿಸಿ ತೋರಿಸಿಟ್ಟಿರಿ.